ಅಳುವ ನರಿಯ ಹೊಸ ಕಾದಂಬರಿ

ಹಳೇ ಕಾದಂಬರಿಯೊಂದು ನರಿಯನ್ನು ಮಹಾ ಕಪಟಿ ಅಂದಿತ್ತು. ಅದೇ ಕಥೆಯನ್ನು ಈಗಿನವನೊಬ್ಬ ಹೊಸದಾಗಿ ಬರೆದು ನರಿಯನ್ನು ನೊಂದ ಜೀವ ಮಾಡಿಬಿಟ್ಟ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹಸಿದ ಕೆಂಚನರಿ ಎರಡೂ ಪುಸ್ತಕಗಳನ್ನು ಕಂಕುಳಲ್ಲಿ ಅವುಚಿಕೊಂಡು, ಮೀಸೆ ತಿರುವುತ್ತ ಕೋಳಿಗೂಡಿನ ಮುಂದೆ ಬಂದು ನಿಂತಿತು.

"ಚುಕ್ಕವ್ವಾ, ಅಗಳಿ ತೆಗೆ! ನಮ್ಮ ವಂಶದ ಕಳಂಕ ತೊಳೆದುಹೋಯಿತು. ಇನ್ನು ನಾನೂ ನೀನೂ ನೆಂಟರು."

ಒಳಗಿದ್ದ ಹೇಂಟೆ ಅಗಳಿಯ ಮೇಲೆ ಕಾಲಿಟ್ಟುಕೊಂಡೇ ಕೇಳಿತು: "ಸಂತೋಷ ಕೆಂಚಣ್ಣ. ಹಳೇದರಲ್ಲಿ ನರಿ ಏನು ಮಾಡ್ತದೆ?"

"ಥೂ, ಆ ಕಾಲದವರಿಗೆ ಮನಸ್ಸು ಅನ್ನೋದೇ ಅರ್ಥವಾಗ್ತಿರಲಿಲ್ಲ. ಕೋಳಿ ತಿಂದು ನಗ್ತದೆ ಅಂತ ಬರೆದಿದ್ದಾರೆ."

"ಹೊಸದರಲ್ಲಿ?"

ಕೆಂಚ ಎದೆಯುಬ್ಬಿಸಿತು. "ಅಳ್ತದೆ! ಪುಟಗಟ್ಟಲೆ ಅಳ್ತದೆ! ಓದಿದವರೆಲ್ಲ ಕಣ್ಣೊರೆಸಿಕೊಳ್ತಾರೆ, ಗೊತ್ತಾ?"

"ಅಯ್ಯೋ ಪಾಪ. ಯಾವಾಗ ಅಳ್ತದಣ್ಣ?"

"ಇನ್ಯಾವಾಗ? ಕೋಳಿ ತಿಂದಾದ ಮೇಲೆ!" ಅಂದುಬಿಟ್ಟಿತು ಕೆಂಚ, ಹೆಮ್ಮೆಯ ಭರದಲ್ಲಿ.

ಚುಕ್ಕವ್ವ ಅಗಳಿಯನ್ನು ಇನ್ನಷ್ಟು ಬಿಗಿ ಮಾಡಿತು.

"ಅಷ್ಟೊಂದು ಅಳು ಇದ್ದರೆ ಈಗಲೇ ಅತ್ತುಬಿಡಣ್ಣ, ಖಾಲಿ ಹೊಟ್ಟೆಯಲ್ಲಿ."

ಕೆಂಚನರಿ ಅತ್ತಿತು. ಅದಕ್ಕೆ ಯಾವ ಪುಸ್ತಕವನ್ನೂ ನೋಡಿಕೊಳ್ಳಬೇಕಾಗಲಿಲ್ಲ.