ಮೇಜಿನ ಮೇಲಿನ ಆಕಾಶ

ತುಂಗಭದ್ರೆಯ ದಂಡೆಯ ಒಂದು ಊರಿನಲ್ಲಿ ಇನಾಯತುಲ್ಲಾ ಎಂಬ ಹಿರಿಯರಿದ್ದರು. ಒಂದು ಕಾಲದಲ್ಲಿ ಪೈಲಟ್. ಈಶಾನ್ಯದ ಗುಡ್ಡಗಾಡಿನಲ್ಲಿ ಸಣ್ಣ ವಿಮಾನ ಹಾರಿಸಿ, ರಸ್ತೆಯಿಲ್ಲದ ಊರುಗಳಿಗೆ ಅಕ್ಕಿ, ಔಷಧಿ ಮುಟ್ಟಿಸಿ, ಬರುವಾಗ ಕಾಯಿಲೆಯವರನ್ನು ಕರೆತರುತ್ತಿದ್ದರು. ಕೈ ನಡುಗಲು ಶುರುವಾದ ಮೇಲೆ ಊರಿಗೆ ಮರಳಿ, ಹೊಳೆಯ ಪಕ್ಕದಲ್ಲಿ ಬದನೆ, ಮೆಣಸಿನ ಗಿಡ ಹಾಕಿಕೊಂಡು ಇದ್ದರು. ಊರವರಿಗೆ ಅವರು ಸಾಹೇಬರು.

ಅದೇ ಊರಿನ ಶಾಲೆಯಲ್ಲಿ ರೇವಣಸಿದ್ಧ ಡ್ರಾಯಿಂಗ್ ಮೇಷ್ಟ್ರು. ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಎಡಗಣ್ಣು ಹೋಗಿತ್ತು. ಪೈಲಟ್ ಆಗುವ ದಾರಿ ಅಲ್ಲಿಗೇ ಮುಚ್ಚಿತು, ಆಸೆ ಮಾತ್ರ ಹೋಗಲಿಲ್ಲ. ಕೆಲಸ ಸಿಕ್ಕ ಮೇಲೆ ಕಂಪ್ಯೂಟರ್ ಕೊಂಡ, ಜಾಯ್‌ಸ್ಟಿಕ್ ಕೊಂಡ, ಕಾಲಿನಿಂದ ಒತ್ತುವ ಪೆಡಲ್ ಕೊಂಡ. ಸಂಜೆಯಾದರೆ ಮನೆಯ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಪರದೆಯ ಮೇಲೆ ವಿಮಾನ ಹಾರಿಸುತ್ತಿದ್ದ.

ಹಾರಿಸಲು ಬರುತ್ತಿತ್ತು. ಇಳಿಸಲು ಬರುತ್ತಿರಲಿಲ್ಲ.

ಒಂದು ದಿನ ಸಾಹೇಬರ ತೋಟಕ್ಕೆ ಹೋಗಿ, ತನಗೆ ಕಲಿಸಿಕೊಡಬೇಕೆಂದು ಕೇಳಿದ. ಅವರು ಕೈಯ ಮಣ್ಣು ತೊಳೆದುಕೊಂಡು ಅವನ ಜೊತೆಯೇ ಹೊರಟು ಬಂದರು.

ರೇವಣಸಿದ್ಧ ಕೂತ, ಹಾರಿದ, ಇಳಿದ. ವಿಮಾನ ರನ್‌ವೇಗೆ ಬಡಿದು, ಪುಟಿದು, ಪಕ್ಕಕ್ಕೆ ಮಗುಚಿತು. ಅವನು ತಕ್ಷಣ ಒಂದು ಗುಂಡಿ ಒತ್ತಿದ. ವಿಮಾನ ಮತ್ತೆ ಆಕಾಶದಲ್ಲಿತ್ತು.

"ಒಳಗಿದ್ದವರು ಏನಾದ್ರು?" ಎಂದು ಸಾಹೇಬರು ಕೇಳಿದರು.

"ಯಾರೂ ಇಲ್ಲ ಸಾಹೇಬ್ರೇ. ಇದು ಆಟ."

ಸಾಹೇಬರು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟರು.

ರೇವಣಸಿದ್ಧನಿಗೆ ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ ಹೋಗಿ, ಇನ್ನು ಮುಂದೆ ಆ ಗುಂಡಿ ಮುಟ್ಟುವುದಿಲ್ಲ, ವಿಮಾನ ಬಿದ್ದ ದಿನ ಮತ್ತೆ ಹಾರುವುದಿಲ್ಲ ಎಂದ. ಸಾಹೇಬರು ಸರಿ ಎಂದರು.

ಹಾಗೆ ಪಾಠ ಶುರುವಾಯಿತು.

ಜಾಯ್‌ಸ್ಟಿಕ್ಕನ್ನು ಮುಷ್ಟಿ ಕಟ್ಟಿ ಹಿಡಿಯಬೇಡ, ಎರಡು ಬೆರಳು ಸಾಕು, ವಿಮಾನಕ್ಕೆ ಹಾರುವುದು ಗೊತ್ತು ಎಂದರು. ಹಾರುವ ಮೊದಲು ನೋಡಬೇಕಾದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ನೋಡು ಎಂದರು. ಅವನು ಒಬ್ಬನೇ ಕೂತು ಗಟ್ಟಿಯಾಗಿ ಹೇಳಿಕೊಳ್ಳುವುದನ್ನು ಕೇಳಿ, ಅವನ ತಾಯಿ ಅಡಿಗೆಮನೆಯಿಂದ ಒಮ್ಮೆ ಇಣುಕಿ ನೋಡಿ ಹೋದರು.

ಇಷ್ಟಾದರೂ ಇಳಿಯುವಾಗ ಬಡಿಯುವುದು ತಪ್ಪಲಿಲ್ಲ.

"ನನಗೆ ಇರೋದು ಒಂದೇ ಕಣ್ಣು. ನೆಲ ಎಷ್ಟು ಹತ್ತಿರ ಬಂತು ಅಂತ ತಿಳಿಯಲ್ಲ," ಎಂದು ಒಂದು ಸಂಜೆ ರೇವಣಸಿದ್ಧ ಹೇಳಿದ. ಅದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡವನಲ್ಲ.

ಸಾಹೇಬರು ತಮ್ಮ ನಡುಗುವ ಕೈಯಿಂದ ಪರದೆಯನ್ನು ಸವರಿದರು.

"ಇದು ಹಲಗೆಯ ಹಾಗೆ ಚಪ್ಪಟೆ. ಇದರ ಮುಂದೆ ಕೂತರೆ ನಾನೂ ಒಕ್ಕಣ್ಣನೇ."

ಆಮೇಲೆ ಅವನನ್ನು ಹೊಳೆಯ ಕಡೆ ಕರೆದುಕೊಂಡು ಹೋದರು. ಅಲ್ಲಿ ಕಾಲುವೆಯ ಅಂಚಿಗೆ ಕಲ್ಲಿನ ಸಣ್ಣ ಗೋಡೆಯಿತ್ತು, ಒಂದು ಪಾದದಷ್ಟು ಅಗಲ. ಅದರ ಮೇಲೆ ನಡೆ ಎಂದರು. ರೇವಣಸಿದ್ಧ ಪಾದ ನೋಡಿಕೊಂಡು ನಡೆದ, ಓಲಾಡಿದ, ಕೆಸರಿಗೆ ಬಿದ್ದ. ಎದ್ದು ಮತ್ತೆ ಹತ್ತಿದ, ಮತ್ತೆ ಬಿದ್ದ.

"ಆ ತುದೀಲಿ ಏನಿದೆ?"

ಅವನು ತಲೆಯೆತ್ತಿ ನೋಡಿ, ಒಂದು ಎಮ್ಮೆ ನಿಂತಿದೆ ಎಂದ.

"ಅದನ್ನೇ ನೋಡ್ತಾ ಬಾ."

ಎಮ್ಮೆಯನ್ನೇ ನೋಡುತ್ತಾ ನಡೆದ. ಗೋಡೆ ಮುಗಿದದ್ದು ಗೊತ್ತಾಗಲಿಲ್ಲ.

ಆ ಸಂಜೆ ವಿಮಾನ ಇಳಿಸುವಾಗ ಅವನು ಚಕ್ರದ ಕೆಳಗಿನ ನೆಲ ನೋಡಲಿಲ್ಲ. ರನ್‌ವೇಯ ಆಚೆ ತುದಿ ನೋಡಿದ. ನೆಲ ತಾನಾಗಿ ಬಂದು ಚಕ್ರ ಮುಟ್ಟಿತು. ಅವನು ತಿರುಗಿ ನೋಡಿದಾಗ ಸಾಹೇಬರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ರೇವಣಸಿದ್ಧ ಬಗ್ಗಿ ಅವರ ಕಾಲು ಮುಟ್ಟಿದ.

ಮಾರನೆಯ ವಾರ ಹುಮ್ಮಸ್ಸಿನಲ್ಲಿ ಪರದೆಯ ತುಂಬ ಮಂಜು ಹಾಕಿಕೊಂಡು ಇಳಿಯಲು ಹೊರಟ. ವಿಮಾನ ಕೆಳಗೆ, ಇನ್ನೂ ಕೆಳಗೆ ಬಂತು.

"ಏನು ಕಾಣ್ತಿದೆ?"

"ಏನೂ ಇಲ್ಲ."

"ಮತ್ತೆ ಯಾಕೆ ಇಳೀತಿದ್ದೀಯ?"

"ಇಷ್ಟು ದೂರ ಬಂದಾಯ್ತಲ್ಲ ಸಾಹೇಬ್ರೇ."

"ಇಷ್ಟು ದೂರ ಬಂದಾಯ್ತು ಅಂತ ಇಳಿದವರನ್ನ ಹುಡುಕೋಕೆ ನಾನು ಹೋಗಿದ್ದೆ," ಎಂದರು ಸಾಹೇಬರು.

ರೇವಣಸಿದ್ಧ ವಿಮಾನವನ್ನು ಮೇಲೆತ್ತಿದ. ಮಂಜಿನ ಮೇಲೆ ಬಿಸಿಲಿತ್ತು. ಬೇರೆ ಊರಿಗೆ ಹೋಗಿ ಇಳಿದ.

ಇದೆಲ್ಲ ಚೆನ್ನಾಗಿಯೇ ನಡೆದಿತ್ತು. ಒಂದು ದಿನ ಶಾಲೆಯಲ್ಲಿ, ಮೇಷ್ಟ್ರುಗಳೆಲ್ಲ ಊಟಕ್ಕೆ ಕೂತಾಗ, ಗಣಿತದ ಮೇಷ್ಟ್ರು ಮಾತು ತೆಗೆದರು. ನಮ್ಮ ರೇವಣಸಿದ್ಧ ಕುರ್ಚಿ ಬಿಟ್ಟು ಏಳದೆಯೇ ದಿಲ್ಲಿಗೆ ಹೋಗಿ ಬರುತ್ತಾನಂತೆ, ಕಲಿಸೋದಕ್ಕೆ ಮುದುಕ ಪೈಲಟ್ ಬೇರೆ ಇದ್ದಾರಂತೆ ಎಂದರು. ಎಲ್ಲರೂ ನಕ್ಕರು. ರೇವಣಸಿದ್ಧನೂ ನಕ್ಕ. ಮನೆಗೆ ಬಂದವನು ವೈರುಗಳನ್ನೆಲ್ಲ ಕಿತ್ತು, ಜಾಯ್‌ಸ್ಟಿಕ್, ಪೆಡಲ್ ಎಲ್ಲವನ್ನೂ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ.

ಸಾಹೇಬರ ತೋಟಕ್ಕೆ ಹೋಗಿ ಇನ್ನು ಬರುವುದಿಲ್ಲ ಎಂದು ಹೇಳಿದ. ನಾನು ಹಾರುತ್ತಿರುವುದು ಸುಳ್ಳು ಆಕಾಶದಲ್ಲಿ, ನಿಜವಾಗಿ ಹಾರಿದ ನಿಮ್ಮ ಹೊತ್ತು ಕೆಡಿಸಿದೆ, ಕ್ಷಮಿಸಬೇಕು ಎಂದ.

ಸಾಹೇಬರು ಬದನೆ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಲಿಲ್ಲ. ಬುಟ್ಟಿಯಲ್ಲಿದ್ದ ನಾಲ್ಕು ಬದನೆಕಾಯಿ ಅವನ ಕೈಗಿಟ್ಟು, ತಾಯಿಗೆ ಕೊಡು ಎಂದು ಕಳಿಸಿದರು.

ಭಾನುವಾರ ಬೆಳಿಗ್ಗೆ ಅವರೇ ಅವನ ಮನೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಪಾಲಿಶ್ ಹಾಕಿದ ಬೂಟು. ಅಟ್ಟದಿಂದ ಎಲ್ಲವನ್ನೂ ಇಳಿಸಿ ಜೋಡಿಸು ಎಂದರು. ಅವನು ಜೋಡಿಸಿದ. ಗುಡ್ಡಗಾಡಿನ ಒಂದು ಸಣ್ಣ ರನ್‌ವೇ ಹೆಸರು ಹೇಳಿ, ಅಲ್ಲಿ ನನ್ನನ್ನು ನಿಲ್ಲಿಸು, ಬೆಳಗಿನ ಹೊತ್ತಾಗಲಿ ಎಂದರು.

ಪರದೆಯ ಮೇಲೆ ಹಸಿರು ಗುಡ್ಡಗಳ ನಡುವೆ ಪುಟ್ಟ ಪಟ್ಟಿಯೊಂದು ಮೂಡಿತು. ಸಾಹೇಬರು ಬಹಳ ಹೊತ್ತು ನೋಡಿದರು. ಆಮೇಲೆ ಜಾಯ್‌ಸ್ಟಿಕ್ ಹಿಡಿದರು. ಕೈ ನಡುಗಿತು, ವಿಮಾನದ ರೆಕ್ಕೆಗಳೂ ನಡುಗಿದವು. ಅವರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನೀನು ಹಾರಿಸು. ನಾನು ಪಕ್ಕದಲ್ಲಿರ್ತೀನಿ."

ರೇವಣಸಿದ್ಧ ಹಿಡಿದುಕೊಂಡ. ಸಾಹೇಬರು ಕಣ್ಣು ಮುಚ್ಚಿ ಒಂದೊಂದೇ ಹೆಸರು ಹೇಳಿದರು.

"ಎಂಜಿನ್ ನೋಡಿದ ತೋಂಬಾ, ಶುಕ್ರಿಯಾ. ಎಣ್ಣೆ ತುಂಬಿದ ಬಿಶನ್, ಶುಕ್ರಿಯಾ. ರನ್‌ವೇಯಿಂದ ಹಂದಿಗಳನ್ನ ಓಡಿಸಿದ ಯಾಪಿ, ಶುಕ್ರಿಯಾ."

ಹಾರುವ ಮೊದಲು ಪ್ರತಿ ಸಲ ಹೀಗೇ ಹೇಳುತ್ತಿದ್ದೆ, ಎಷ್ಟೋ ವರ್ಷವಾಯಿತು ಹೇಳಿ ಎಂದರು. ಅವರಲ್ಲಿ ಈಗ ಯಾರು ಇದ್ದಾರೋ ಯಾರು ಇಲ್ಲವೋ ಗೊತ್ತಿಲ್ಲವಂತೆ.

ಕಣ್ಣು ತೆರೆದು ಶಿಷ್ಯನ ಕಡೆ ತಿರುಗಿದರು.

"ಇವತ್ತು ಕರ್ಕೊಂಡು ಬಂದ ರೇವಣಸಿದ್ಧ, ಶುಕ್ರಿಯಾ."

ವಿಮಾನ ಏರಿತು. ಸಾಹೇಬರು ಬೆರಳು ತೋರಿಸಿ ಹೇಳುತ್ತಾ ಹೋದರು: ಆ ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕೆಟ್ಟದ್ದು, ಆ ತಿರುವಿನ ಹಿಂದೆ ಒಂದು ಹಳ್ಳಿ, ಅಲ್ಲಿಂದ ತಂದ ಬಸುರಿ ಹೆಂಗಸು ಆಸ್ಪತ್ರೆಯ ಬಾಗಿಲಲ್ಲೇ ಹೆತ್ತಳು, ತಾಯಿ ಮಗು ಇಬ್ಬರೂ ಉಳಿದರು. ರೇವಣಸಿದ್ಧನ ತಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಅವನು ಗುಡ್ಡ ಸುತ್ತಿ, ಆಚೆ ತುದಿ ನೋಡುತ್ತಾ, ಮೆತ್ತಗೆ ಇಳಿಸಿದ. ವಿಮಾನ ಓಡಿ, ನಿಧಾನವಾಗಿ, ನಿಂತಿತು.

ಸಾಹೇಬರ ಕೆನ್ನೆ ಒದ್ದೆಯಾಗಿತ್ತು. ಅದನ್ನು ಅವರು ಒರೆಸಿಕೊಳ್ಳಲೂ ಇಲ್ಲ.

ರೇವಣಸಿದ್ಧ ಜಾಯ್‌ಸ್ಟಿಕ್ಕಿನಿಂದ ಕೈ ತೆಗೆದ.

"ಸಾಹೇಬ್ರೇ, ಒಂದು ಮಾತು ಹೇಳಿ. ನಾವು ಈಗ ಹಾರಿದ್ದು ನಿಜವೋ, ಸುಳ್ಳೋ?"

"ಎಂಜಿನ್ ಇನ್ನೂ ಓಡ್ತಾ ಇದೆ," ಎಂದರು ಸಾಹೇಬರು. "ಮೊದಲು ಅದನ್ನ ಆರಿಸಪ್ಪ."