ಅಕ್ಷರದ ಮೋನಪ್ಪನ ಇಪ್ಪತ್ತೆರಡು ಹಲಗೆ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಗೋಡೆಗೆ ಒರಗಬೇಡಿ, ಬೆನ್ನಿಗೆಲ್ಲ ಸುಣ್ಣ ಮೆತ್ತಿಕೊಳ್ಳುತ್ತೆ, ಆಮೇಲೆ ನಿಮ್ಮ ಅಮ್ಮಂದಿರು ನನ್ನನ್ನು ಬೈತಾರೆ. ಬಹಳ ಹಿಂದೆ, ನಮ್ಮಜ್ಜನ ಅಜ್ಜ ಹುಟ್ಟಿದ್ದನೋ ಇಲ್ಲವೋ ಯಾರು ಕಂಡವರು, ಒಂದು ಊರಿತ್ತಂತೆ. ಊರಿಗೊಂದು ಪೇಟೆ ಬೀದಿ, ಬೀದಿಗೆ ಇಪ್ಪತ್ತೆರಡು ಅಂಗಡಿ. ಆ ಬೀದಿಯ ತುದಿಯಲ್ಲಿ ಮೋನಪ್ಪ ಅಂತ ಒಬ್ಬ ಬಣ್ಣದ ಕೆಲಸದವನಿದ್ದನಂತೆ.

ಮೋನಪ್ಪನ ಕೈ ಎಂಥದು ಅಂದರೆ, ಅವನು ಗೋಡೆ ಮೇಲೆ ಗಿಳಿ ಬರೆದರೆ ಬೆಕ್ಕು ಬಂದು ಹೊಂಚು ಹಾಕಿ ಕೂರುತ್ತಿತ್ತು ಅಂತಾರೆ. ಬೆಕ್ಕಿನ ಮಾತು ನಾನು ನಂಬೋದಿಲ್ಲ, ನೀವೂ ನಂಬಬೇಡಿ. ಆದರೆ ಅಕ್ಷರದ ಮಾತು ನಂಬಲೇಬೇಕು. ಎತ್ತಿನ ಗಾಡಿಯ ಹಲಗೆ ಮೇಲೆ, ಮದುವೆ ಪೆಟ್ಟಿಗೆ ಮೇಲೆ, ಗುಡಿಯ ಬಾಗಿಲ ಮೇಲೆ ಅವನು ಹೆಸರು ಬರೆದರೆ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಅದಕ್ಕೇ ಊರವರು ಅವನನ್ನು ಅಕ್ಷರದ ಮೋನಪ್ಪ ಅಂತ ಕರೀತಿದ್ದರು. ಬೀದಿಯಲ್ಲಿ ಹೋಗುವಾಗ ದೊಡ್ಡವರು ಕೂಡ ಎದ್ದು ನಿಂತು ದಾರಿ ಬಿಡುತ್ತಿದ್ದರಂತೆ.

ಈಗ ಒಂದು ಗುಟ್ಟು ಹೇಳ್ತೀನಿ. ಆ ಅಕ್ಷರದ ಮೋನಪ್ಪನಿಗೆ ಓದೋಕೆ ಬರುತ್ತಿರಲಿಲ್ಲ!

ನಗಬೇಡ್ರೋ. ನಗೋದಕ್ಕೇನಿದೆ ಇದರಲ್ಲಿ? ಯಾರಾದರೂ ಚೀಟಿಯಲ್ಲಿ ಹೆಸರು ಬರೆದು ಕೊಟ್ಟರೆ, ಗಿಳಿಯ ಕೊಕ್ಕು ನೋಡಿ ಗಿಳಿ ಬರೆದ ಹಾಗೆ ಅವನು ಅಕ್ಷರದ ಸುಳಿ ನೋಡಿ ಅಕ್ಷರ ಬರೆಯುತ್ತಿದ್ದ. ಅದು ಅವನ ಹೆಂಡತಿ ಕಾಳಮ್ಮನಿಗೆ ಒಬ್ಬಳಿಗೇ ಗೊತ್ತಿತ್ತು. ಅವಳು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ಆ ಕಾಲದಲ್ಲಿ ಅಂಗಡಿಗೆ ಹಲಗೆ ಗಿಲಗೆ ಏನೂ ಇರಲಿಲ್ಲ. ಎಣ್ಣೆಯವನು ಬಾಗಿಲ ಮುಂದೆ ಹಿತ್ತಾಳೆ ಪಾವು ನೇತುಹಾಕುತ್ತಿದ್ದ. ಕ್ಷೌರದವನು ಕನ್ನಡಿ. ಚಪ್ಪಲಿ ಹೊಲಿಯುವ ಹುಲಿಗೆಪ್ಪ ಆನೆಗೂ ದೊಡ್ಡದಾಗುವಂಥ ಒಂದು ಚಪ್ಪಲಿ. ನಾರುಬೇರು ಮಾರುವ ಈರಭದ್ರಪ್ಪ ಒಣಗಿದ ಬಳ್ಳಿಯ ಕಟ್ಟು. ಯಾವ ಊರಿನಿಂದ ಬಂದವನೂ ತಲೆಯೆತ್ತಿ ನೋಡಿ ಒಳಗೆ ಹೋಗುತ್ತಿದ್ದ. ಚೆನ್ನಾಗೇ ನಡೀತಿತ್ತು.

ಚೆನ್ನಾಗಿ ನಡೆಯೋದು ಕೆಲವರ ಕಣ್ಣಿಗೆ ಆಗೋದಿಲ್ಲ ನೋಡಿ. ಊರಿಗೆ ಹೊಸ ಅಮಲ್ದಾರ ಬಂದ. ಬಂದ ಮೊದಲ ದಿನವೇ ಕುದುರೆ ಮೇಲೆ ಪೇಟೆಗೆ ಸವಾರಿ ಹೊರಟ. ಎಣ್ಣೆಯವನ ಪಾವಿಗೆ ಅವನ ಜರಿಯ ರುಮಾಲು ಸಿಕ್ಕಿ, ರುಮಾಲು ಹೋಗಿ ಎಣ್ಣೆ ಕೊಪ್ಪರಿಗೆಯಲ್ಲಿ ಬಿತ್ತಂತೆ. ಪೇಟೆಯೆಲ್ಲ ಕಿಸಕ್ಕನೆ ನಕ್ಕಿತು. ಮಾರನೇ ದಿನ ಡಂಗುರ ಸಾರಿಸಿದರು: ಇನ್ನು ಮುಂದೆ ಅಂಗಡಿಯ ಮುಂದೆ ಏನೂ ತೂಗಾಡಕೂಡದು. ಪ್ರತಿ ಅಂಗಡಿಗೂ ಒಂದು ಹಲಗೆ. ಎಲ್ಲ ಹಲಗೆಯೂ ಒಂದೇ ಅಳತೆ, ಒಂದೇ ನೀಲಿ ಬಣ್ಣ, ಬಿಳಿ ಅಕ್ಷರ. ಅಕ್ಷರ ಬಿಟ್ಟು ಬೇರೇನೂ ಬರೆಯಕೂಡದು. ಆಯುಧಪೂಜೆ ದಿನ ಅಮಲ್ದಾರರು ಬಂದು ನೋಡುತ್ತಾರೆ, ತಪ್ಪಿದ ಅಂಗಡಿಗೆ ಒಂದು ವರ್ಷ ಬೀಗಮುದ್ರೆ.

ಒಂದು ವರ್ಷ! ಹುಲಿಗೆಪ್ಪನಿಗೆ ಐದು ಮಕ್ಕಳು. ಅಂಗಡಿಯವರೆಲ್ಲ ಓಡಿ ಬಂದಿದ್ದು ಮೋನಪ್ಪನ ಮನೆಗೆ. ನೀನೇ ಗತಿ ಕಣಪ್ಪಾ ಅಂದರು. ಇಡೀ ಬೀದಿಗೆ ತನ್ನ ಅಕ್ಷರ! ಮೋನಪ್ಪನಿಗೆ ನೆಲವೇ ಕಾಣಲಿಲ್ಲ, ಅಷ್ಟು ಹಿಗ್ಗಿದ.

ಅಮಲ್ದಾರರ ಗುಮಾಸ್ತ ವೆಂಕೋಬರಾಯ ಒಂದೊಂದು ಅಂಗಡಿಗೂ ಒಂದೊಂದು ಚೀಟಿ ಬರೆದು ಕೊಟ್ಟ. ಮೋನಪ್ಪ ಅಂಗಡಿ ಅಂಗಡಿಯ ಮುಂದೆ ಅವನ ಜೊತೆಗೇ ನಿಂತು, ಮಾತಾಡುತ್ತಾ ಮಾತಾಡುತ್ತಾ ಚೀಟಿಯ ಮೂಲೆಯಲ್ಲಿ ಕುಂಕುಮದಿಂದ ಸಣ್ಣ ಗುರುತು ಹಾಕಿಕೊಂಡ. ಎಣ್ಣೆಗೆ ಪಾವು, ಕ್ಷೌರಕ್ಕೆ ಕನ್ನಡಿ, ಹೀಗೆ. ಯಾವತ್ತೂ ಅವನು ಕೆಲಸ ಮಾಡುತ್ತಿದ್ದ ರೀತಿಯೇ ಅದು. ಆದರೆ ವೆಂಕೋಬರಾಯ ಬಹಳ ಮಡಿ ಮನುಷ್ಯ, ಒಳ್ಳೆಯವನೂ ಹೌದು. ಸರ್ಕಾರದ ಕಾಗದಕ್ಕೆ ಕುಂಕುಮದ ಕಲೆ ಆಗಿದೆಯಲ್ಲ ಅಂತ ಪೇಚಾಡಿಕೊಂಡು, ಅವನ್ನೆಲ್ಲ ಇಸಿದುಕೊಂಡು, ಸಂಜೆಯೊಳಗೆ ಇಪ್ಪತ್ತೆರಡನ್ನೂ ಹೊಸದಾಗಿ ಬರೆದು, ಚೊಕ್ಕವಾಗಿ ಕಟ್ಟಿ ಮೋನಪ್ಪನ ಜಗುಲಿ ಮೇಲಿಟ್ಟ. ಹಳೆಯವನ್ನು ಒಲೆಗೆ ಹಾಕಿದ. ಆಮೇಲೆ ತಂಗಿ ಮದುವೆಗೆ ಅಂತ ಊರಿಗೆ ಹೊರಟುಹೋದ.

ಮೋನಪ್ಪ ಕಟ್ಟು ಬಿಚ್ಚಿದ. ಒಂದರಲ್ಲೂ ಗುರುತಿಲ್ಲ. ಯಾವ ಚೀಟಿ ಯಾವ ಅಂಗಡಿಯದು ಅಂತ ತಿರುಗಿಸಿ ತಿರುಗಿಸಿ ನೋಡಿದ.

ಕಾಳಮ್ಮ ಹೇಳಿದಳಂತೆ, ಯಾರನ್ನಾದರೂ ಕೇಳಿಬಿಡ್ರಿ, ಕೇಳಿದರೆ ಏನು ಮೂಗು ಉದುರುತ್ತಾ ಅಂತ. ಅಕ್ಷರದ ಮೋನಪ್ಪನೇ ಹೋಗಿ ಇದೇನು ಅಕ್ಷರ ಅಂತ ಕೇಳೋದೇ? ಅದಕ್ಕಿಂತ ಹೊಳೆ ಹಾರೋದು ಮೇಲು ಅಂದನಂತೆ ಅವನು. ಅವನ ಲೆಕ್ಕಾಚಾರ ಬೇರೆ ಇತ್ತು. ಹೇಗೂ ಪೇಟೆಯಲ್ಲಿ ಓದು ಬಲ್ಲವರಿಲ್ಲ. ಹಲಗೆ ಬರೆದು, ಮೊಳೆ ಹೊಡೆಯದೆ, ಬಣ್ಣ ಒಣಗಲಿ ಅಂತ ಹೇಳಿ ಸಿಕ್ಕ ಸಿಕ್ಕ ಬಾಗಿಲಿಗೆ ಸುಮ್ಮನೆ ತಗುಲಿಹಾಕುವುದು. ವೆಂಕೋಬರಾಯ ಮದುವೆ ಮುಗಿಸಿ ಬಂದಾಗ, ಕೈಕೆಲಸ ಹೇಗಿದೆ ನೋಡಿ ರಾಯರೇ ಅಂತ ಕರೆಯುವುದು. ತಪ್ಪಿದ್ದರೆ ಅವರೇ ಹೇಳುತ್ತಾರೆ, ಅದಲುಬದಲು ಮಾಡಿದರಾಯಿತು. ಅತಿ ಜಾಣ!

ಹಾಗೇ ಮಾಡಿದ. ಅಂಥ ಅಕ್ಷರ ಆ ಸೀಮೆಯಲ್ಲೇ ಯಾರೂ ಕಂಡಿರಲಿಲ್ಲ ಅಂತಾರೆ. ಅಂಗಡಿಯವರು ಪಾವು, ಕನ್ನಡಿ, ಬಳ್ಳಿ ಎಲ್ಲ ಇಳಿಸಿ ಒಳಗಿಟ್ಟು, ತಮ್ಮ ಹಲಗೆ ನೋಡಿ ನೋಡಿ ಹಿಗ್ಗಿದರು. ಬೆಲ್ಲದ ಅಂಗಡಿಯವನು ತನ್ನ ಹಲಗೆಗೆ ಕೈ ಮುಗಿದನಂತೆ. ಅದರಲ್ಲಿ ಬರೆದಿದ್ದು 'ಕ್ಷೌರ' ಅಂತ.

ಆಯುಧಪೂಜೆಗೆ ಎರಡು ದಿನ ಉಳಿಯಿತು. ವೆಂಕೋಬರಾಯನ ಸುಳಿವಿಲ್ಲ. ಮದುವೆ ಊಟ ಬಿಟ್ಟು ಯಾರು ಬರುತ್ತಾರೆ ಹೇಳಿ.

ಅವತ್ತು ಮಟಮಟ ಮಧ್ಯಾಹ್ನ. ಹೊಳೆಯಾಚೆಯ ಊರಿನ ನೀಲವ್ವ ಅನ್ನುವ ಹೆಂಗಸು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಪೇಟೆಗೆ ಬಂದಳು. ಕೂಸಿನ ಮೈ ಕೆಂಡದಂತೆ ಸುಡುತ್ತಿತ್ತು. ಅವಳ ಅಪ್ಪ ಮಕ್ಕಳಿಗೆ ತಿದ್ದಿಸುವ ಐಗಳು, ಮಗಳಿಗೂ ನಾಲ್ಕಕ್ಷರ ಕಲಿಸಿದ್ದ. ಅವಳು ತಲೆಯೆತ್ತಿ ಓದಿದಳು: 'ನಾರುಬೇರು, ಔಷಧಿ'. ಅಂಗಡಿ ಬಾಗಿಲು ಹಾಕಿತ್ತು. ಊಟಕ್ಕೆ ಹೋಗಿರಬೇಕು, ಈಗ ಬಂದಾರು ಅಂತ ಮೆಟ್ಟಿಲ ಮೇಲೆ ಕೂತಳು. ಅದು ಹುಲಿಗೆಪ್ಪನ ಚಪ್ಪಲಿ ಅಂಗಡಿ ಕಣ್ರಪ್ಪಾ! ಈರಭದ್ರಪ್ಪ ಎಂಟು ಅಂಗಡಿ ಆಚೆ, ನೊಣ ಓಡಿಸುತ್ತಾ ಖಾಲಿ ಕೂತಿದ್ದ.

ಬಹಳ ಹೊತ್ತಾಯಿತು. ಕೂಸು ಅಳುವುದನ್ನೂ ನಿಲ್ಲಿಸಿತು. ಬಣ್ಣದ ಕುಡಿಕೆ ಹಿಡಿದು ಆ ಕಡೆ ಬಂದ ಮೋನಪ್ಪ, ಬಿಸಿಲಲ್ಲಿ ಯಾಕವ್ವಾ ಕೂತೀಯ, ಯಾರು ಬೇಕಿತ್ತು ಅಂತ ಕೇಳಿದ.

"ಔಷಧಿ ಅಂಗಡಿಯವರಿಗೆ ಕಾಯ್ತಾ ಇದೀನಣ್ಣಾ," ಅಂದಳು ಅವಳು.

"ಇದಲ್ಲ ತಾಯಿ, ಇದು ಚಪ್ಪಲಿ ಅಂಗಡಿ."

"ಹಲಗೆ ಮೇಲೆ ಬರೆದಿದೆಯಲ್ಲ!"

ಮೋನಪ್ಪ ಹಲಗೆ ನೋಡಿದ. ಕೂಸನ್ನು ನೋಡಿದ. ಕೈಯಲ್ಲಿದ್ದ ಕುಡಿಕೆ ಅಲ್ಲೇ ಬಿತ್ತು. ಕೂಸನ್ನು ಎತ್ತಿಕೊಂಡು ಓಡಿದ ನೋಡಿ, ಅರವತ್ತರ ಮುದುಕ, ಪಂಚೆ ಕಳಚಿದರೂ ಗೊತ್ತಾಗದ ಹಾಗೆ ಓಡಿದನಂತೆ. ಈರಭದ್ರಪ್ಪ ಕೂಸಿನ ನಾಡಿ ಹಿಡಿದು, ಕಷಾಯ ಹನಿಹನಿಯಾಗಿ ಬಾಯಿಗೆ ಬಿಟ್ಟು, ತಣ್ಣೀರ ಬಟ್ಟೆ ಹಾಕಿ ಕೂತ. ಬಿಸಿಲು ಇಳಿಯುವ ಹೊತ್ತಿಗೆ ಕೂಸಿನ ಹಣೆಯಲ್ಲಿ ಬೆವರು ಮೂಡಿತು. ಆಮೇಲೆ ಕ್ಷೀಣವಾಗಿ ಅತ್ತಿತು. ಬದುಕಿತು ಬಿಡವ್ವಾ, ಇನ್ನೊಂದು ಗಳಿಗೆ ತಡವಾಗಿದ್ದರೆ ನನ್ನ ಕೈಲಿ ಏನೂ ಆಗುತ್ತಿರಲಿಲ್ಲ ಅಂದ ಈರಭದ್ರಪ್ಪ.

ನೀಲವ್ವನಿಗೆ ಅಷ್ಟು ಹೊತ್ತು ತಡೆದಿದ್ದ ಸಿಟ್ಟು ಆಗ ಬಂತು. ಬೀದಿಗೆ ಬಂದು ಕೂಗಿದಳು: "ಈ ಹಲಗೆ ಬರೆದವನಿಗೆ ಕಣ್ಣಿರಲಿಲ್ವಾ?"

ಹಲಗೆ ಹೇಗೋ ಬದಲಾಗಿದೆ ಅಂತ ಹೇಳಿ ಮೋನಪ್ಪ ಜಾರಿಕೊಳ್ಳಬಹುದಿತ್ತು. ಯಾರೂ ಅನುಮಾನಪಡುತ್ತಿರಲಿಲ್ಲ. ಆದರೆ ಆ ಕೂಸಿನ ಬಿಸಿ ಇನ್ನೂ ಅವನ ಎದೆಯ ಮೇಲಿತ್ತು. ಅವನು ನಡುಬೀದಿಯಲ್ಲಿ ನಿಂತು ಹೇಳಿದ:

"ಬರೆದವನು ನಾನೇ ತಾಯಿ. ನನಗೆ ಓದೋಕೆ ಬರೋದಿಲ್ಲ."

 ಇಡೀ ಪೇಟೆಯ ಬೈಗುಳ ಸುರಿಯಿತು. ನಮ್ಮ ಹೊಟ್ಟೆ ಮೇಲೆ ಹೊಡೆದೆಯಲ್ಲೋ ಅಂದರು, ಬೀಗ ಬಿದ್ದರೆ ನಿನ್ನ ಮನೆಗೇ ಉಣ್ಣೋಕೆ ಬರ್ತೀವಿ ಅಂದರು. ಮೋನಪ್ಪ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಕೊನೆಗೆ ಹುಲಿಗೆಪ್ಪನೇ ಬಾಯಿ ಬಿಟ್ಟ. ನಮ್ಮಲ್ಲಿ ಯಾವನಿಗೆ ಬರುತ್ತೆ ಓದೋಕೆ? ಮೂರು ದಿನದಿಂದ ನಾನೂ ಆ ಹಲಗೆ ನೋಡಿ ನಕ್ಕೊಂಡು ಕೂತಿದ್ದೆ, ಬೈಯೋದಾದರೆ ನನ್ನನ್ನೂ ಬೈಯಿರಿ ಅಂದ. ಆಗ ಬೈಗುಳ ನಿಂತಿತು.

ಕೂಸು ಮಲಗಿತ್ತು. ನೀಲವ್ವ ಸೆರಗು ಸಿಕ್ಕಿಸಿಕೊಂಡು ಬೀದಿ ಉದ್ದಕ್ಕೂ ನಡೆದು ಒಂದೊಂದೇ ಹಲಗೆ ಓದಿದಳು, ಮೋನಪ್ಪ ಒಂದೊಂದೇ ಬಿಚ್ಚಿ ಅದರದರ ಬಾಗಿಲಿಗೆ ಹಾಕಿದ. ಹಾಕುತ್ತಾ ಹಾಕುತ್ತಾ ಪ್ರತಿಯೊಂದರ ಮೂಲೆಯಲ್ಲೂ ಕೆಂಪು ಬಣ್ಣದಲ್ಲಿ ಸಣ್ಣ ಚಿತ್ರ ಬರೆದ. ಪಾವು, ಕನ್ನಡಿ, ಚಪ್ಪಲಿ, ಬಳ್ಳಿ. ಇನ್ನು ಯಾರೂ ತಪ್ಪು ಅಂಗಡಿಯ ಮೆಟ್ಟಿಲ ಮೇಲೆ ಕಾಯಬಾರದು ಅಂತ.

ಆಯುಧಪೂಜೆ ದಿನ ಅಮಲ್ದಾರ ಬಂದ. ಓದಿದ, ತಲೆದೂಗಿದ. ಆಮೇಲೆ ಮೂಲೆಯ ಚಿತ್ರ ಕಂಡಿತು. ಅಕ್ಷರ ಬಿಟ್ಟು ಬೇರೇನೂ ಇರಕೂಡದು ಅಂತ ಹೇಳಿರಲಿಲ್ಲವೇ, ಯಾರ ಕೆಲಸ ಇದು ಅಂತ ಗುಡುಗಿದ. ಮೋನಪ್ಪ ಮುಂದೆ ಬಂದು ನಿಜ ಹೇಳಿದ, ಕೂಸಿನ ವಿಷಯವನ್ನೂ ಹೇಳಿದ. ಅಮಲ್ದಾರ ಕೆಟ್ಟವನಲ್ಲ, ಆದರೆ ಹೊರಡಿಸಿದ ಹುಕುಂ ಹಿಂದಕ್ಕೆ ತೆಗೆದುಕೊಂಡರೆ ಮತ್ತೆ ಪೇಟೆ ನಕ್ಕೀತು ಅನ್ನುವ ಭಯ ಅವನಿಗೆ. ಚಿತ್ರ ಅಳಿಸಿದರೆ ಅಂಗಡಿ ಉಳಿಯುತ್ತೆ ಅಂದ. ಅಕ್ಷರ ಬಾರದವನು ಈ ಪೇಟೆಯಲ್ಲಿ ಇನ್ನು ಹಲಗೆ ಬರೆಯಕೂಡದು, ಕುಂಚ ಒಪ್ಪಿಸು ಅಂದ.

ಮೋನಪ್ಪ ಇಪ್ಪತ್ತೆರಡು ಚಿತ್ರವನ್ನೂ ತನ್ನ ಹೆಗಲ ವಸ್ತ್ರದಿಂದ ತಾನೇ ಒರೆಸಿದ. ಮನೆಗೆ ಹೋದ. ಕಾಳಮ್ಮ ಬೆಳಿಗ್ಗೆ ಕುಂಚಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡಿದ್ದಳು. ಆ ಹೂವಿನ ಸಮೇತ ತಂದು ಒಪ್ಪಿಸಿದ. ಅವತ್ತು ಅವನ ಕಣ್ಣಲ್ಲಿ ನೀರು ಕಂಡವರುಂಟು. 

ಮಾರನೇ ದಿನ ಬೆಳಕು ಹರಿಯುವಾಗ ಅಂಗಡಿಯವರು ಬಂದು ನೋಡುತ್ತಾರೆ, ಮೋನಪ್ಪ ಕಾಳಮ್ಮನ ರಂಗೋಲಿ ಬಟ್ಟಲು ಹಿಡಿದು ಹುಲಿಗೆಪ್ಪನ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ನೆಲದ ಮೇಲೆ ಒಂದು ಜೊತೆ ಚಪ್ಪಲಿ. ಆಚೆ ಬಾಗಿಲಲ್ಲಿ ಕನ್ನಡಿ. ಅದರಾಚೆ ಪಾವು. ಅಮಲ್ದಾರ ಕುದುರೆ ಇಳಿದು ಬಂದ, ಹುಕುಂ ಓದಿಸಿದ. ತೂಗಾಡೋದರ ಮಾತಿತ್ತು, ಹಲಗೆಯ ಮಾತಿತ್ತು, ಅಕ್ಷರದ ಮಾತಿತ್ತು. ನೆಲದ ಮಾತು ಎಲ್ಲೂ ಇರಲಿಲ್ಲ. ಬಾಗಿಲ ಮುಂದಿನ ರಂಗೋಲಿಗೆ ಬೇಡ ಅನ್ನೋ ಧೈರ್ಯ ಯಾವ ಸರ್ಕಾರಕ್ಕಿದೆ? ಅಮಲ್ದಾರ ಒಂದು ಗೆರೆಯನ್ನೂ ತುಳಿಯದೆ, ಬದಿಯಲ್ಲಿ ಕಾಲಿಟ್ಟು ದಾಟಿಹೋದನಂತೆ.

ಇದ್ದಷ್ಟು ದಿನವೂ ಮೋನಪ್ಪ ಇಪ್ಪತ್ತೆರಡು ಬಾಗಿಲಿಗೂ ಹಾಗೇ ಬರೆದ. ಅವನು ಹೋದ ಮೇಲೆ ಅಂಗಡಿಯವರೇ ಕಲಿತರು, ಸೊಟ್ಟಪಟ್ಟ ಆದರೂ ಬರೆದರು. ಈಗ ಆ ಬೀದಿಯಲ್ಲಿ ನೂರಾರು ಅಂಗಡಿ, ಬಣ್ಣಬಣ್ಣದ ದೀಪದ ಬೋರ್ಡು. ಆದರೂ ಬೆಳಿಗ್ಗೆ ಬಾಗಿಲ ಮುಂದೆ ಬಟ್ಟೆಯವನು ಒಂದು ಮಡಿಕೆ ಸೀರೆ ಬರೆಯುತ್ತಾನೆ, ಗಡಿಯಾರದವನು ಗಡಿಯಾರ ಬರೆಯುತ್ತಾನೆ. ಆಯುಧಪೂಜೆಯಲ್ಲಿ ತಕ್ಕಡಿ, ಕತ್ತರಿಯ ಪಕ್ಕ ಒಂದು ಕುಂಚ ಇಟ್ಟೇ ಇಡುತ್ತಾರೆ.

ಇನ್ನೊಂದುಂಟು. ಯಾರಾದರೂ ಬೀದಿಯಲ್ಲಿ ನಿಂತು ಬೋರ್ಡುಗಳ ಕಡೆ ಪಿಳಿಪಿಳಿ ನೋಡುತ್ತಿದ್ದರೆ, ಹತ್ತಿರದ ಅಂಗಡಿಯವನು ಗಿರಾಕಿಯನ್ನು ಬಿಟ್ಟು ಇಳಿದು ಬರುತ್ತಾನೆ. ಓದೋಕೆ ಬರಲ್ವಾ ಅಂತ ಅಪ್ಪಿತಪ್ಪಿಯೂ ಕೇಳೋದಿಲ್ಲ. ಬಿಸಿಲಲ್ಲಿ ಯಾಕವ್ವಾ ನಿಂತೀಯ, ಯಾರು ಬೇಕಿತ್ತು ಅಂತ ಕೇಳಿ, ಆ ಅಂಗಡಿಯ ಮೆಟ್ಟಿಲವರೆಗೂ ತಾನೇ ಜೊತೆಗೆ ನಡೆದು ಬಿಟ್ಟು ಬರುತ್ತಾನೆ.