ನಡುಗುವ ರಾಜ

ಹೊಳೆ ದಂಡೆಗೆ ಒಂದು ಆಶ್ರಮ. ಆಶ್ರಮ ಅಂದ ಕೂಡಲೇ ಗಂಧ, ಧೂಪ ಅಂತ ಮೂಗು ಮುಂದೆ ಚಾಚಬೇಡಿ. ಅಲ್ಲಿ ಇದ್ದದ್ದು ಮೇಕೆ ಚರ್ಮದ ವಾಸನೆ.

ಗುರು ಗಾದಿಲಿಂಗಪ್ಪನವರು ತೊಗಲುಗೊಂಬೆ ಆಡಿಸುವವರು. ಚರ್ಮವನ್ನು ಹೊಳೆಯಲ್ಲಿ ನೆನೆಸಿ, ಕೂದಲು ಹೆರೆದು, ಎಳೆದು ಒಣಗಿಸಿ, ಬೆಳಕು ಆಚೆ ಬರುವಷ್ಟು ತೆಳ್ಳಗೆ ಮಾಡುತ್ತಿದ್ದರು. ಅದರ ಮೇಲೆ ಚಿತ್ರ ಬರೆದು ಎರಡೂ ಕಡೆ ಬಣ್ಣ ತುಂಬುತ್ತಿದ್ದರು. ಕೈ, ಕಾಲು, ಸೊಂಟ ಬೇರೆ ಬೇರೆ ಕತ್ತರಿಸಿ, ದಾರದ ಗಂಟು ಹಾಕಿ ಸಡಿಲವಾಗಿ ಜೋಡಿಸಿ, ಹಿಡಿದು ಆಡಿಸಲು ಕೋಲು ಕಟ್ಟುತ್ತಿದ್ದರು.

ಬಿಳಿ ಪರದೆ ಕಟ್ಟಿ ಹಿಂದೆ ದೀಪ ಇಟ್ಟರೆ, ಸತ್ತ ಮೇಕೆ ರಾಜನಾಗಿ ಎದ್ದು ನಡೆಯುತ್ತಿತ್ತು.

ಶಿಷ್ಯರು ಇಬ್ಬರು. ಮಾರೆಕ್ಕ ಮದ್ದಲೆ ಬಾರಿಸುತ್ತ ಹಾಡುವವಳು. ಅವಳ ಬಾಯಿಗೆ ಹೊಳೆಯೂ ಹೆದರಿ ಆಚೆ ದಡಕ್ಕೆ ಸರಿದಿದೆ ಅಂತ ಮಾತು.

ಇನ್ನೊಬ್ಬ ಹುಲಿಗೆಪ್ಪ. ಹೆಸರಿನಲ್ಲಿ ಹುಲಿ, ಎದೆಯಲ್ಲಿ ಇಲಿ.

ಚಿತ್ರ ಬರೆಯುವಾಗ ಅವನ ಕೈ ಕಲ್ಲು. ಕುದುರೆಯ ಕತ್ತಿನ ಕೂದಲನ್ನು ಒಂದೊಂದಾಗಿ ಎಣಿಸುವ ಹಾಗೆ ಬರೆಯುತ್ತಿದ್ದ. ಪರದೆ ಆಚೆ ನಾಲ್ಕು ಜನ ಬಂದು ಕೂತರೆ ಮುಗೀತು, ಅದೇ ಕೈ ಅರಳಿ ಎಲೆ.

ಒಂದು ಬೆಳಿಗ್ಗೆ ಗುರುಗಳು ಗೊಂಬೆ ಪೆಟ್ಟಿಗೆಯನ್ನು ಹೊರಗೆ ತಂದಿಟ್ಟರು. ಪಕ್ಕದಲ್ಲಿ ಮುತ್ತುಗದ ಎಲೆ. ಎಲೆಯಲ್ಲಿ ಅರಿಶಿನ, ಕುಂಕುಮ.

ಹುಲಿಗೆಪ್ಪ ಬರೆಯುತ್ತಿದ್ದ ಚಿತ್ರ ಬಿಟ್ಟು ಎದ್ದ. ಗುರುಗಳು ಹರಿದ ಗೊಂಬೆಯನ್ನು ತಿಪ್ಪೆಗೆ ಎಸೆಯುವವರಲ್ಲ. ಅರಿಶಿನ ಕುಂಕುಮ ಹಚ್ಚಿ ಹೊಳೆಗೆ ಬಿಡುತ್ತಾರೆ, ಮನೆಯವರನ್ನು ಕಳಿಸಿಕೊಟ್ಟ ಹಾಗೆ.

"ಯಾವ ಗೊಂಬಿ ಹರದೈತ್ರಿ ಗುರುವೇ?"

"ಗೊಂಬಿ ಹರದಿಲ್ಲಲೇ. ನಾ ಹರದೀನಿ. ಕಣ್ಣು ಮಂಜಾತು, ಮಂಡಿ ಹೋತು. ಈ ಹುಣ್ಣಿಮಿ ಆಟ ನಂದು ಕಡೀ ಆಟ. ರಾಜನ್ನ ನೀ ಹಿಡಿ."

"ನಾನ್ರಿ?"

"ಆಟ ಮುಗದ ಮ್ಯಾಲೆ ಪೆಟ್ಟಿಗಿ ನಿನ್ನ ಹೆಗಲಿಗೆ. ಇಲ್ಲಾಂದ್ರ ಹೊಳಿಗೆ."

"ಪೂರಾ ಪೆಟ್ಟಿಗೀನಾ?"

"ಆಡಸೋರಿಲ್ಲದ ಗೊಂಬಿ ಮನ್ಯಾಗ ಇಟ್ಕೋಬಾರದು. ನಮ್ಮ ಗುರು ಹೇಳಿದ್ದು."

"ಮಾರೆಕ್ಕಗ ಕೊಡ್ರಿ!"

"ಏ, ನನಗ ಬ್ಯಾಡಪ್ಪ," ಮಾರೆಕ್ಕ ದನಿ ಕೂಡಿಸಲು ಮದ್ದಲೆಗೆ ಬೂದಿ ಹಚ್ಚುತ್ತ ಅಂದಳು. "ಗೊಂಬಿ ಆಡಸಾಕ ಹೋದ್ರ ನನ್ನ ಬಾಯಿ ನಿಂತುಬಿಡ್ತೈತಿ. ಬಾಯಿ ನಿಂತ ಮಾರೆಕ್ಕನ್ನ ಯಾರ್ ನೋಡ್ಯಾರ?"

ಅವತ್ತಿಂದ ಹುಲಿಗೆಪ್ಪನಿಗೆ ಅನ್ನ ಸೇರಲಿಲ್ಲ. ಹೊಳೆಗೆ ನೀರು ತರಲು ಹೋದರೆ ನೀರಿನಲ್ಲಿ ಗೊಂಬೆಗಳೇ ಕಾಣುತ್ತಿದ್ದವು. ಕುದುರೆ ಮಲಗಿಕೊಂಡು ತೇಲುತ್ತಿತ್ತು. ರಾಣಿಯ ಸೀರೆಯ ಕೆಂಪು ಬಿಟ್ಟುಕೊಂಡು ನೀರಿಗೆ ಹರಡುತ್ತಿತ್ತು. ಕೊಡ ಅರ್ಧ ತುಂಬಿಸಿ ಓಡಿ ಬರುತ್ತಿದ್ದ.

ಹಳೆಯ ಕಲ್ಲುಮಂಟಪದ ಕತ್ತಲಲ್ಲಿ ಪರದೆ ಕಟ್ಟಿ ಅಭ್ಯಾಸ ಶುರುವಾಯಿತು. ಬಟ್ಟೆ ಒಗೆಯಲು ಬಂದ ಹೆಂಗಸರು ಮಕ್ಕಳ ಜೊತೆ ಬಂದು ಕೂತರು.

ಹುಲಿಗೆಪ್ಪ ರಾಜನನ್ನು ಎತ್ತಿ ಪರದೆಗೆ ತಾಗಿಸಿದ. ರಾಜನ ಕೈ ನಡುಗಿತು. ಕತ್ತಿ ನಡುಗಿತು. ಕಿರೀಟ, ಮೀಸೆ ಸಮೇತ ಎಲ್ಲಾ ನಡುಗಿತು.

"ಅವ್ವಾ, ರಾಜಗ ಚಳಿಜ್ವರ!" ಒಂದು ಪುಟ್ಟ ಹುಡುಗಿ ಕೂಗಿತು.

ಮಂಟಪ ಬಿದ್ದು ಹೋಗುವ ಹಾಗೆ ನಕ್ಕರು. ಬಾವಲಿಗಳು ಎದ್ದು ಹೊರಗೆ ಹಾರಿದವು. ಹುಲಿಗೆಪ್ಪನೂ ಅವುಗಳ ಹಿಂದೆಯೇ ಹಾರಿದ.

ಆಮೇಲೆ ಮದ್ದು ಹುಡುಕತೊಡಗಿದ. ಮಣಿಕಟ್ಟಿಗೆ ಕಲ್ಲು ಕಟ್ಟಿಕೊಂಡ. ಕಲ್ಲೂ ನಡುಗಿತು. ಮೊಣಕೈವರೆಗೆ ಎಣ್ಣೆ ತಿಕ್ಕಿದ. ಗೊಂಬೆಯ ಕೋಲು ಜಾರಿತು.

"ಬಾಯಾಗ ನೀರು ತುಂಬ್ಕೊಂಡು ಗೊಂಬಿ ಹಿಡಿಯೋ," ಮಾರೆಕ್ಕ ಗಂಭೀರವಾಗಿ ಹೇಳಿದಳು. "ಉಸಿರು ಕಟ್ಟತೈತಿ. ಉಸಿರು ಕಟ್ಟಿದ್ರ ಕೈ ನಿಲ್ತೈತಿ. ನಮ್ಮ ಮುತ್ತಾತ ಹಂಗೇ ಮಾಡ್ತಿದ್ದ."

ಹುಲಿಗೆಪ್ಪ ಬಾಯಿ ತುಂಬ ನೀರು ಹಾಕಿಕೊಂಡ. ಕೆನ್ನೆ ಬೋಂಡದ ಹಾಗೆ ಉಬ್ಬಿತು. ರಾಜನನ್ನು ಎತ್ತಿದ. ನಿಜ, ಕೈ ಸ್ವಲ್ಪ ನಿಂತ ಹಾಗಿತ್ತು.

"ನಮ್ಮ ಮುತ್ತಾತ," ಮಾರೆಕ್ಕ ಮುಂದುವರಿಸಿದಳು, "ಎಮ್ಮಿ ಕಾಯ್ತಿದ್ದ. ಗೊಂಬಿ ಮುಟ್ಟಿದೋನೇ ಅಲ್ಲ."

ಪುರ್ ಅಂತ ನೀರು ಹಾರಿತು. ದೀಪ ಆರಿತು.

ಕತ್ತಲಲ್ಲಿ ಹುಲಿಗೆಪ್ಪ ಅಲ್ಲೇ ಕೂತಿದ್ದ ಗುರುಗಳ ಕಾಲು ಹಿಡಿದ.

"ಗುರುವೇ, ಕೈ ನಡಗ್ತೈತ್ರಿ."

"ಯಾರ ಕೈ?"

"ನಂದ್ರಿ."

"ಪರದಿ ಮ್ಯಾಲೆ ನಿನ್ನ ಕೈ ಕಂಡಿತ್ತೇನು?"

"ಇಲ್ರಿ. ರಾಜಂದು ಕಂಡಿತು."

"ಹಂಗಾದ್ರ ರಾಜನ್ನ ಕೇಳು, ಯಾಕ ನಡಗಾಕತ್ತಿ ಅಂತ."

ಅಷ್ಟು ಹೇಳಿ ಗುರುಗಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಅವರು ಎಲೆ ಅಡಿಕೆ ಹಾಕಿಕೊಂಡರೆ ಮಾತಿಗೆ ಬೀಗ ಬಿದ್ದ ಹಾಗೆ.

ಹುಲಿಗೆಪ್ಪ ಒಳ್ಳೆಯ ಶಿಷ್ಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಮಾರನೇ ದಿನ ಗೊಂಬೆಯನ್ನು ಗೋಡೆಗೆ ಒರಗಿಸಿ ಎದುರಿಗೆ ಕೈ ಮುಗಿದು ಕೂತ.

"ದೊರೆಯೇ, ಯಾಕ ನಡಗಾಕತ್ತೀರಿ?"

ಗೋಡೆ ಹಿಂದಿನಿಂದ ದಪ್ಪ ದನಿ ಬಂತು. "ನಿನ್ನ ಕೈಗೆ ಸಿಕ್ಕೀನಲ್ಲೋ ಮಗನೇ, ಅದಕ್ಕ!"

ಮಾರೆಕ್ಕ ನಕ್ಕು ನಕ್ಕು ಗೋಡೆ ಹಿಂದೆಯೇ ಕುಸಿದಳು. ಹುಲಿಗೆಪ್ಪ ನಗಲಿಲ್ಲ. ಅವಳು ತಮಾಷೆಗೆ ಹೇಳಿದ್ದು ಅವನಿಗೆ ನಿಜ ಅನ್ನಿಸಿತು.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಗುರುಗಳು ಮಲಗಿದ್ದರು. ಹುಲಿಗೆಪ್ಪ ಪೆಟ್ಟಿಗೆಯಿಂದ ರಾಜನನ್ನು ತೆಗೆದ. ಸೂಜಿ ತೆಗೆದ. ಮೇಣ ಹಚ್ಚಿದ ದಾರ ತೆಗೆದ.

ಭುಜದ ಕೀಲು ಹೊಲಿದ. ಮೊಣಕೈ ಹೊಲಿದ. ಸೊಂಟ ಹೊಲಿದ. ಕೀಲು ಬಿಗಿಯಾದರೆ ತನ್ನ ನಡುಕ ಗೊಂಬೆಯ ಕೈಗೆ ಹೋಗುವುದೇ ಇಲ್ಲ ಅನ್ನುವುದು ಅವನ ಲೆಕ್ಕ.

ಸೂಜಿ ಚುಚ್ಚಿದಾಗಲೆಲ್ಲ ಅವನ ಎದೆ ಚುರುಕ್ ಅಂತಿತ್ತು. ಚರ್ಮಕ್ಕೆ ಬಿದ್ದ ತೂತು ಮತ್ತೆ ಮುಚ್ಚುವುದಿಲ್ಲ. ಆ ರಾಜನನ್ನು ಬರೆದವರು ಗುರುಗಳ ಗುರುಗಳು.

ಹೊಲಿದು ಮುಗಿಸಿ ಅಲ್ಲಾಡಿಸಿ ನೋಡಿದ. ರಾಜ ಹಲಗೆಯ ಹಾಗೆ ನೆಟ್ಟಗೆ ನಿಂತ.

ಹುಣ್ಣಿಮೆ ದಿನ ಗುರುಗಳು ಪೆಟ್ಟಿಗೆ ತೆರೆದು ಒಂದೊಂದೇ ಗೊಂಬೆಯನ್ನು ಎತ್ತಿ ನೋಡಿದರು. ರಾಜನ ಸರದಿ ಬಂತು. ಕೈ ಎತ್ತಲು ಹೋದರು. ಏಳಲಿಲ್ಲ. ಸೊಂಟ ಬಗ್ಗಿಸಲು ಹೋದರು. ಬಗ್ಗಲಿಲ್ಲ.

ಹುಲಿಗೆಪ್ಪ ಮಡಿಸಿದ ಪರದೆಯನ್ನೇ ಮತ್ತೆ ಮತ್ತೆ ಮಡಿಸುತ್ತಿದ್ದ.

ಗುರುಗಳು ರಾಜನನ್ನು ಮೆಲ್ಲಗೆ ಕೆಳಗಿಟ್ಟರು. ಚರ್ಮ ಕತ್ತರಿಸುವ ಸಣ್ಣ ಚೂರಿಯನ್ನು ಅವನ ಕೈಗೆ ಕೊಟ್ಟರು.

"ಸೊಂಟಕ್ಕ ಸಿಗಿಸ್ಕೋ."

"ಯಾಕ್ರಿ ಗುರುವೇ?"

"ರಾಜ ಅಂದಮ್ಯಾಲೆ ಕತ್ತಿ ಬ್ಯಾಡೇನು?"

ಹೊತ್ತು ಮುಳುಗಿತು. ಪರದೆ ಕಟ್ಟಿದರು. ಹರಳೆಣ್ಣೆ ದೀಪ ಹಚ್ಚಿದರು. ಸುತ್ತಲಿನ ಊರಿನವರೆಲ್ಲ ಹೊಳೆ ಮರಳಿನ ಮೇಲೆ ಬಂದು ಕೂತರು. ಪೆಟ್ಟಿಗೆ ಮೂಲೆಯಲ್ಲಿತ್ತು. ಅದರ ಮೇಲೆ ಅರಿಶಿನ ಕುಂಕುಮದ ಎಲೆ.

ಹುಲಿಗೆಪ್ಪ ಆ ಕಡೆ ನೋಡಬಾರದು ಅಂದುಕೊಂಡ. ಅದನ್ನೇ ನೋಡಿದ.

ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ರಾಜ ಯುದ್ಧಕ್ಕೆ ಹೋಗುತ್ತಾನೆ, ಗೆದ್ದು ಬರುತ್ತಾನೆ. ದಾರಿಯಲ್ಲಿ ಒಬ್ಬ ಮುದುಕಿ ಅಡ್ಡ ನಿಲ್ಲುತ್ತಾಳೆ. ಅವಳ ಮಗ ರಾಜನ ಸೈನ್ಯದಲ್ಲಿದ್ದವನು.

ರಾಜ ಪರದೆಗೆ ಬಂದ. ನಡುಗಲಿಲ್ಲ! ಕುದುರೆ ಏರಿದ, ನಡುಗಲಿಲ್ಲ. ಶತ್ರುವಿನ ಮೇಲೆ ನುಗ್ಗಿದ, ಈಟಿಯ ಹಾಗೆ ನೆಟ್ಟಗೆ. ಯುದ್ಧದಲ್ಲಿ ಬಿಗಿಯಾದ ರಾಜನೇ ಚೆಂದ. ಜನ ಸಿಳ್ಳೆ ಹಾಕಿದರು.

ಹುಲಿಗೆಪ್ಪನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು. ಪೆಟ್ಟಿಗೆ ಉಳಿಯಿತು ಅಂದುಕೊಂಡ.

ಅಷ್ಟರಲ್ಲಿ ಗುರುಗಳು ಮುದುಕಿ ಗೊಂಬೆಯನ್ನು ಎತ್ತಿ ಪರದೆಗೆ ತಂದರು. ಮಾರೆಕ್ಕ ದನಿ ತಗ್ಗಿಸಿ ಹಾಡಿದಳು.

"ಹೋಗುವಾಗ ಇಬ್ಬರು ಹೋದಿರಿ ದೊರೆಯೇ, ಬರುವಾಗ ಒಬ್ಬನೇ ಬಂದಿ. ನನ್ನ ಕೂಸನ್ನ ಎಲ್ಲಿ ಬಿಟ್ಟಿ?"

ಇಲ್ಲಿ ರಾಜನಿಗೆ ಮಾತಿಲ್ಲ. ಕೈ ಜೋಡಿಸಿ, ಸೊಂಟ ಬಗ್ಗಿಸಿ, ಮುದುಕಿಯ ಕಾಲಿಗೆ ಕಿರೀಟ ತಾಗಿಸಬೇಕು.

ಹುಲಿಗೆಪ್ಪ ತಾನು ಹೊಲಿದ ಸೊಂಟ ನೋಡಿದ.

ಕತೆ ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಆದರೆ ಇಷ್ಟು ದಿನ ಅವನ ತಲೆಯಲ್ಲಿ ಇದ್ದದ್ದು ತನ್ನ ಕೈ ಒಂದೇ. ಕತೆಗೆ ಅಲ್ಲಿ ಜಾಗವೇ ಇರಲಿಲ್ಲ.

ಕೈಯ ಕೋಲು ಎಳೆದ. ಬರಲಿಲ್ಲ. ಸೊಂಟ ಒತ್ತಿದ. ಬಗ್ಗಲಿಲ್ಲ.

ಮಾರೆಕ್ಕ ಅದೇ ಸಾಲನ್ನು ಮತ್ತೆ ಹಾಡಿದಳು. ಹಾಡುತ್ತಲೇ ಕಣ್ಣು ಕೆಕ್ಕರಿಸಿ ನೋಡಿದಳು. ಮೂರನೇ ಸಲ ಹಾಡುವಾಗ ದನಿಯಲ್ಲಿ ಮುದುಕಿಯ ದುಃಖ ಇರಲಿಲ್ಲ, ಮಾರೆಕ್ಕನ ಸಿಟ್ಟು ಇತ್ತು.

"ರಾಜಗ ಸೊಂಟ ಹಿಡದೈತೋ! ಯಾರರ ಎಣ್ಣಿ ತಿಕ್ರಿ!" ಹೊರಗಿನಿಂದ ಯಾರೋ ಕೂಗಿದರು. ನಗು ಎದ್ದಿತು.

ಹುಲಿಗೆಪ್ಪ ಗುರುಗಳ ಕಡೆ ತಿರುಗಿದ. ಅವರು ಎಲೆ ಅಡಿಕೆ ಅಗಿಯುತ್ತ ಮುದುಕಿಯನ್ನು ಹಿಡಿದು ಸುಮ್ಮನೆ ನಿಂತಿದ್ದರು. ಮುದುಕಿಯೂ ಸುಮ್ಮನೆ ನಿಂತಿದ್ದಳು. ಕಾಯುತ್ತಿದ್ದಳು.

ಆಗ ಅವನ ಸೊಂಟಕ್ಕೆ ಏನೋ ಚುಚ್ಚಿತು.

ಹುಲಿಗೆಪ್ಪ ರಾಜನನ್ನು ಪರದೆಯಿಂದ ಹಿಂದೆ, ದೀಪದ ಹತ್ತಿರಕ್ಕೆ ಎಳೆದುಕೊಂಡ. ಪರದೆ ಮೇಲೆ ರಾಜನ ನೆರಳು ದೊಡ್ಡದಾಗುತ್ತ, ಮಂಕಾಗುತ್ತ, ಬೆಟ್ಟದಷ್ಟಾಯಿತು. ಅದರ ಕೆಳಗೆ ಮುದುಕಿ ಇರುವೆಯಷ್ಟು ಕಂಡಳು. ನಗು ನಿಂತಿತು.

ಚೂರಿ ತೆಗೆದ. ಕೈ ನಡುಗುತ್ತಲೇ ಇತ್ತು. ಭುಜದ ಹೊಲಿಗೆ ಕತ್ತರಿಸಿದ. ಮೊಣಕೈಯದು ಕತ್ತರಿಸಿದ. ಸೊಂಟದ ಗಂಟು ಚೂರಿಗೆ ಸಿಗಲಿಲ್ಲ, ಹಲ್ಲಲ್ಲಿ ಕಚ್ಚಿ ಹರಿದ.

ರಾಜನ ಕೈಗಳು ತಟಕ್ಕನೆ ಕೆಳಗೆ ಬಿದ್ದವು.

ಮೆಲ್ಲಗೆ ಅವನನ್ನು ಮತ್ತೆ ಪರದೆಗೆ ತಂದ. ಬೆಟ್ಟದಷ್ಟಿದ್ದ ರಾಜ ಕರಗುತ್ತ ಕರಗುತ್ತ ಮುದುಕಿಯ ಅಳತೆಗೆ ಬಂದು ನಿಂತ. ಹೊಲಿಗೆ ಬಿಚ್ಚಿದ ತೂತುಗಳಲ್ಲಿ ದೀಪದ ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡಿತು.

ಕೈ ಎತ್ತಿದ. ಆ ಕೈ ನಡುಗಿತು. ಇನ್ನೊಂದು ಕೈ ನಡುಗುತ್ತ ಬಂದು ಅದನ್ನು ಹುಡುಕಿತು. ಒಮ್ಮೆ ತಪ್ಪಿತು. ಆಮೇಲೆ ಸೇರಿತು. ಕಿರೀಟ ನಡುಗುತ್ತ ನಡುಗುತ್ತ ಬಾಗಿ ಮುದುಕಿಯ ಕಾಲಿಗೆ ತಾಗಿತು.

ಮಾರೆಕ್ಕನ ಮದ್ದಲೆ ತಾನಾಗಿಯೇ ನಿಂತಿತು. ಬಾಯಿ ನಿಂತ ಮಾರೆಕ್ಕನನ್ನು ಅವತ್ತು ಹುಲಿಗೆಪ್ಪ ನೋಡಿದ.

ಹೊರಗಿನಿಂದ ಆ ಪುಟ್ಟ ಹುಡುಗಿಯ ದನಿ ಮಾತ್ರ ಕೇಳಿತು.

"ಅವ್ವಾ, ರಾಜ ಅಳಾಕತ್ತಾನ."

ಗೊಂಬೆಯ ಕಣ್ಣಿನಲ್ಲಿ ನೀರು ಎಲ್ಲಿಂದ ಬರಬೇಕು? ಆದರೂ ಯಾರೂ ಆ ಹುಡುಗಿಗೆ ಇಲ್ಲ ಅನ್ನಲಿಲ್ಲ.

ಗುರುಗಳು ಮುದುಕಿಯ ಕೈಯನ್ನು ಎತ್ತಿ ರಾಜನ ತಲೆಯ ಮೇಲೆ ಇಟ್ಟರು. ಆಟ ಮುಗಿಯಿತು.

ಜನ ಎದ್ದು ಹೋದರು. ಅವತ್ತು ಯಾಕೋ ಮೆಲ್ಲಗೆ ಮಾತಾಡುತ್ತ ಹೋದರು.

ಗುರುಗಳು ಪೆಟ್ಟಿಗೆಯ ಮೇಲಿದ್ದ ಎಲೆಯನ್ನು ಎತ್ತಿಕೊಂಡು ಹೊಳೆ ಕಡೆ ಹೊರಟರು.

"ಪೆಟ್ಟಿಗಿ ತಗೊಂಡು ಬಾ."

ಹುಲಿಗೆಪ್ಪ ಪೆಟ್ಟಿಗೆ ತಬ್ಬಿಕೊಂಡು ಹಿಂದೆ ನಡೆದ. ನೀರಿನ ಅಂಚಿಗೆ ಬಂದಾಗ ತಡೆಯಲು ಆಗಲಿಲ್ಲ.

"ಗುರುವೇ, ತಪ್ಪಾತ್ರಿ. ರಾಜನ್ನ ಹೊಲದಿದ್ದೆ. ಮೈತುಂಬ ತೂತು ಬಿದ್ದಾವ್ರಿ."

"ಯುದ್ಧಕ್ಕ ಹೋಗಿ ಬಂದಾನಲ್ಲ. ಇರ್ಲಿ ಬಿಡು."

"ಕೈ ನಿಲ್ಲಲಿಲ್ರಿ. ಕಡೀತನಾ ನಡಗಿತ್ರಿ."

"ಕಂಡೆ."

ಗುರುಗಳು ಬಗ್ಗಿ ಹೊಳೆಯ ನೀರಲ್ಲಿ ಬಾಯಿ ತೊಳೆದುಕೊಂಡರು. ಸೊಂಟ ಹಿಡಿದುಕೊಂಡು ಎದ್ದರು. ಪೆಟ್ಟಿಗೆಯನ್ನು ಅವನ ತೋಳಿನಿಂದ ಬಿಡಿಸಿ, ಎತ್ತಿ, ಅವನ ಹೆಗಲ ಮೇಲೆ ಇಟ್ಟರು. ಮುಚ್ಚಳ ಸರಿಸಿ ಅರಿಶಿನ ಕುಂಕುಮದ ಎಲೆಯನ್ನು ಒಳಗೆ, ರಾಜನ ಪಕ್ಕದಲ್ಲಿ ಮಲಗಿಸಿದರು.

ಹುಲಿಗೆಪ್ಪನ ಹೆಗಲ ಮೇಲಿನ ಪೆಟ್ಟಿಗೆ ಕಟಕಟ ಅನ್ನುತ್ತಿತ್ತು. ಒಳಗಿನ ಗೊಂಬೆಗಳೆಲ್ಲ ಅವನ ಜೊತೆಗೇ ನಡುಗುತ್ತಿದ್ದವು.

"ಗುರುವೇ, ಈ ನಡುಕ ಯಾವಾಗ ಹೋಗ್ತೈತ್ರಿ?"

ಗುರುಗಳು ಆಗಲೇ ದಂಡೆ ಹತ್ತುತ್ತಿದ್ದರು. ತಿರುಗಿ ನೋಡಲಿಲ್ಲ.

"ಅದು ಹೋದ ದಿನ ಪೆಟ್ಟಿಗಿ ಹೊಳಿಗೆ ಬಿಡು."